ಲೇಸರ್ ಸಮ್ಮಿಲನದ ಲೆಕ್ಕಕ್ಕೂ ಒಂದು ಪಾಲು ಇರಲಿ

ನೆರೂಳದಲ್ಲಿ ನೆಲೆಸಿರುವ ನಮ್ಮಂಥವರಿಗೆ ಥಾಣೆ ಖಾಡಿಯ ಆಚೆ ದಡ ಅಪರಿಚಿತವಲ್ಲ. ಪಾಮ್ ಬೀಚ್ ರಸ್ತೆಯಿಂದ ಪಡುವಣಕ್ಕೆ ಕಣ್ಣು ಹಾಯಿಸಿದರೆ ಟ್ರಾಂಬೆಯ ಗುಡ್ಡ ಕಾಣುತ್ತದೆ. ಅದರ ತಪ್ಪಲಿನಲ್ಲಿಯೇ ಭಾಭಾ ಪರಮಾಣು ಸಂಶೋಧನಾ ಕೇಂದ್ರವಿದೆ. ಭಾರತದ ಮೊದಲ ಪರಮಾಣು ರಿಯಾಕ್ಟರ್ ‘ಅಪ್ಸರಾ’ 1956ರ ಆಗಸ್ಟ್ 4ರಂದು ಕ್ರಿಯಾಶೀಲವಾದದ್ದು ಅಲ್ಲಿ. ಈಚೆ ದಡದ ಕಥೆ ಬೇರೆ. ಒಂದು ಕಾಲಕ್ಕೆ ರಾಸಾಯನಿಕ ಕಾರ್ಖಾನೆಗಳಿಂದ ತುಂಬಿದ್ದ ಥಾಣೆ–ಬೇಲಾಪುರ ರಸ್ತೆಯ ಇಕ್ಕೆಲಗಳಲ್ಲಿ, ಐರೋಲಿ, ರಬಾಳೆ, ಮಹಾಪೆಗಳಲ್ಲಿ, ಇಂದು ಕಿಟಕಿಗಳಿಲ್ಲದ ದೊಡ್ಡ ದೊಡ್ಡ ಕಟ್ಟಡಗಳು ಎದ್ದಿವೆ. ಇವು ಡೇಟಾ ಸೆಂಟರುಗಳು. ತೆಂಕಣಕ್ಕೆ ಪನವೇಲಿನಲ್ಲಿ 2020ರಲ್ಲಿ ಆರಂಭವಾದ ಯೋಟಾ ಸಂಸ್ಥೆಯ ಕೇಂದ್ರಕ್ಕೆ 2024ರಿಂದ ಎನ್ವಿಡಿಯಾ ಕಂಪನಿಯ ಎಚ್100 ಎಂಬ ಗ್ರಾಫಿಕ್ಸ್ ಪ್ರೊಸೆಸರುಗಳು ಸಾವಿರಗಳ ಲೆಕ್ಕದಲ್ಲಿ ಬಂದಿವೆ. ಅಣುವಿನ ಗರ್ಭವನ್ನು ಅರಿಯಹೊರಟ ಒಂದು ದಡ, ಅಗಾಧ ವೇಗದಲ್ಲಿ ಲೆಕ್ಕ ಮಾಡಬಲ್ಲ ಯಂತ್ರಗಳ ಇನ್ನೊಂದು ದಡ. ನಡುವೆ ಕೆಲವೇ ಮೈಲಿಗಳ ಕೆಸರುನೀರು.

ಈ ಎರಡು ದಡಗಳ ನಡುವೆ ಸಾರ್ವಜನಿಕ ನೀತಿಯೊಂದು ಸೇತುವೆಯಾಗಬೇಕು ಎಂಬುದು ನಮ್ಮ ಅಭಿಪ್ರಾಯ. ಸ್ಪಷ್ಟವಾಗಿ ಹೇಳುವುದಾದರೆ, ಸರ್ಕಾರದ ಹಣದಿಂದ ಇಂದು ದೇಶಕ್ಕೆ ಒದಗುತ್ತಿರುವ ಗ್ರಾಫಿಕ್ಸ್ ಪ್ರೊಸೆಸರುಗಳ ಕಾಲಾವಕಾಶದಲ್ಲಿ ಒಂದು ನಿಶ್ಚಿತ ಪಾಲು ಭೌತವಿಜ್ಞಾನದ ಗಣನೆಗೆ, ಅದರಲ್ಲೂ ಲೇಸರ್ ಸಮ್ಮಿಲನದ ಗಣನೆಗೆ ಮೀಸಲಾಗಬೇಕು. ಆದರೆ ಯಂತ್ರ ಸಿಕ್ಕಿದ ಮಾತ್ರಕ್ಕೆ ಜ್ಞಾನ ಸಿಕ್ಕಂತಾಗದು. ಆ ಯಂತ್ರಕ್ಕೆ ತಕ್ಕ ಪ್ರೋಗ್ರಾಂ ಬರೆಯುವ ಜನರನ್ನೂ, ಅದರ ಉತ್ತರವನ್ನು ಪ್ರಯೋಗದ ಒರೆಗಲ್ಲಿಗೆ ಹಚ್ಚುವ ಪ್ರಯೋಗಶಾಲೆಗಳನ್ನೂ ಜೊತೆಯಲ್ಲಿಯೇ ಪೋಷಿಸದಿದ್ದರೆ ತಪ್ಪು ಉತ್ತರವನ್ನು ಹಿಂದಿಗಿಂತ ಬೇಗ ಪಡೆಯುವ ಭಾಗ್ಯವಷ್ಟೇ ನಮ್ಮದಾಗುತ್ತದೆ. ಸಾಹಿತ್ಯದ ಬಳಗದಲ್ಲಿ ಈ ವಿಷಯವೇಕೆ ಎಂದು ಕೇಳುವವರಿರಬಹುದು. ತೆರಿಗೆದಾರರ ಹಣ ಎಲ್ಲಿ ಹೋಗಬೇಕೆಂಬ ಚರ್ಚೆ ಕನ್ನಡದಲ್ಲಿ ನಡೆಯದಿದ್ದರೆ, ಅದು ನಮ್ಮನ್ನು ಬಿಟ್ಟು ಬೇರೆಲ್ಲೋ ನಿರ್ಧಾರವಾಗುತ್ತದೆ ಎಂಬುದೇ ಅದಕ್ಕೆ ಉತ್ತರ.

ಮೊದಲಿಗೆ ವಿಷಯದ ಪರಿಚಯ. ಸೂರ್ಯನ ಒಡಲಿನಲ್ಲಿ ಹಗುರ ಪರಮಾಣು ಬೀಜಗಳು ಒಂದಾಗಿ ಭಾರವಾದ ಬೀಜವಾಗುವಾಗ ಶಕ್ತಿ ಹೊರಹೊಮ್ಮುತ್ತದೆ. ಇದೇ ಬೈಜಿಕ ಸಮ್ಮಿಲನ. ಭೂಮಿಯ ಮೇಲೆ ಇದಕ್ಕೆ ಅತ್ಯಂತ ಅನುಕೂಲವಾದ ಇಂಧನ ಜಲಜನಕದ ಎರಡು ರೂಪಗಳಾದ ಡ್ಯೂಟೀರಿಯಂ ಮತ್ತು ಟ್ರಿಟಿಯಂ. ಅವನ್ನು ಕೋಟಿಗಟ್ಟಲೆ ಡಿಗ್ರಿಗಳಿಗೆ ಕಾಯಿಸಿ ಹಿಡಿದಿಡಲು ಎರಡು ಹಾದಿಗಳಿವೆ. ಮೊದಲನೆಯದು ಪ್ರಬಲ ಕಾಂತಕ್ಷೇತ್ರದಲ್ಲಿ ಬಂಧಿಸುವುದು. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ 1989ರಿಂದ ಕೆಲಸ ಮಾಡಿದ ‘ಆದಿತ್ಯ’ ಯಂತ್ರ ಈ ಹಾದಿಯದು. ಎರಡನೆಯದು ಲೇಸರ್ ಹಾದಿ. ಸುಮಾರು ಎರಡು ಮಿಲಿಮೀಟರ್ ಅಡ್ಡಳತೆಯ ಗೋಲಿಯೊಂದರೊಳಗೆ ಇಂಧನವನ್ನು ಹಿಮವಾಗಿಸಿ ಇಟ್ಟು, ಸುತ್ತಲಿಂದ ಶಕ್ತಿಯನ್ನು ಹಾಯಿಸಿ, ಅದು ಚದುರಿಹೋಗುವ ಮುನ್ನವೇ ಅದುಮಿಬಿಡುವುದು.

ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಶಾಲೆಯ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿಯಲ್ಲಿ 192 ಲೇಸರ್ ಕಿರಣಗಳು ಚಿನ್ನದ ಪುಟ್ಟ ಉರುಳೆಯೊಂದರ ಒಳಗೋಡೆಗೆ ಬಡಿಯುತ್ತವೆ. ಅಲ್ಲಿ ಹುಟ್ಟುವ ಎಕ್ಸ್-ಕಿರಣಗಳು ಗೋಲಿಯ ಹೊರಪದರವನ್ನು ಸುಟ್ಟು ಹಾರಿಸುತ್ತವೆ. ಹೊರಪದರ ಹೊರಕ್ಕೆ ಚಿಮ್ಮಿದಂತೆ ಒಳಪದರ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಒಳಕ್ಕೆ ಕುಸಿಯುತ್ತದೆ. ಸಿಪ್ಪೆ ಸುಲಿಯದ ತೆಂಗಿನಕಾಯಿಯೊಂದನ್ನು ಎಲ್ಲ ಕಡೆಯಿಂದಲೂ ಒಂದೇ ಸಮನೆ ಒತ್ತಿ ಕಡಲೆಕಾಳಿನ ಗಾತ್ರಕ್ಕೆ ತಂದಂತೆ. ಎಲ್ಲಿಯೂ ಬಿರಿಯಬಾರದು, ಎಲ್ಲಿಯೂ ಉಬ್ಬಬಾರದು. ಇದೆಲ್ಲ ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಭಾಗಗಳಷ್ಟು ಹೊತ್ತಿನಲ್ಲಿ ಮುಗಿದುಹೋಗುತ್ತದೆ.

2022ರ ಡಿಸೆಂಬರ್ 5ರಂದು ಅಲ್ಲಿ 2.05 ಮೆಗಾಜೂಲ್ ಲೇಸರ್ ಶಕ್ತಿಯನ್ನು ಕೊಟ್ಟು 3.15 ಮೆಗಾಜೂಲ್ ಸಮ್ಮಿಲನ ಶಕ್ತಿಯನ್ನು ಪಡೆಯಲಾಯಿತು. ಕೊಟ್ಟದ್ದಕ್ಕಿಂತ ಹೆಚ್ಚು ಬಂದ ಮೊದಲ ಪ್ರಯೋಗ ಅದು. ನಮ್ಮ ಮನೆಯ ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ, ಬಂದ ಶಕ್ತಿ ಒಂದು ಯೂನಿಟ್ಟಿಗಿಂತ ಕಡಿಮೆ. ಲೇಸರುಗಳನ್ನು ಸಜ್ಜುಗೊಳಿಸಲು ವಿದ್ಯುತ್ ಜಾಲದಿಂದ ಎಳೆದದ್ದು ಸುಮಾರು 300 ಮೆಗಾಜೂಲ್, ಎಂದರೆ ಎಂಬತ್ತಕ್ಕೂ ಹೆಚ್ಚು ಯೂನಿಟ್. ಆದುದರಿಂದ ‘ನಾಳೆಯಿಂದ ಸೂರ್ಯಶಕ್ತಿ ನಲ್ಲಿಯಲ್ಲಿ ಬರುತ್ತದೆ’ ಎಂದು ಯಾರೂ ಹೇಳುವಂತಿಲ್ಲ. ಹೊತ್ತಿಕೊಳ್ಳುತ್ತದೆಯೇ ಇಲ್ಲವೇ ಎಂಬ ಐವತ್ತು ವರ್ಷಗಳ ಪ್ರಶ್ನೆಗೆ ಮಾತ್ರ ‘ಹೊತ್ತಿಕೊಳ್ಳುತ್ತದೆ’ ಎಂಬ ಉತ್ತರ ಸಿಕ್ಕಿತು.

ಆ ಉತ್ತರಕ್ಕೆ ಇಷ್ಟು ಕಾಲ ಹಿಡಿದದ್ದೇಕೆ? ನಮ್ಮ ವಾದದ ತಿರುಳು ಇಲ್ಲಿದೆ. 1972ರಲ್ಲಿ ಜಾನ್ ನಕೋಲ್ಸ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಈ ಹಾದಿಯನ್ನು ಬಹಿರಂಗವಾಗಿ ಮಂಡಿಸಿದಾಗ, ಅವರ ಗಣಕದ ಲೆಕ್ಕಗಳ ಪ್ರಕಾರ ಸಾಕಾಗಬಹುದಾಗಿದ್ದ ಲೇಸರ್ ಶಕ್ತಿ ತೀರ ಅಲ್ಪ. ಕೊನೆಗೆ ಬೇಕಾದದ್ದು ಅದರ ಸಾವಿರಾರು ಪಟ್ಟು. 2009ರಲ್ಲಿ ದೊಡ್ಡ ಲೇಸರ್ ಸಿದ್ಧವಾದಾಗಲೂ ಅಂದಿನ ಅತ್ಯುತ್ತಮ ಸಿಮ್ಯುಲೇಷನ್ನುಗಳು ಇಂಧನ ಹೊತ್ತಿಕೊಳ್ಳುತ್ತದೆಂದೇ ಹೇಳುತ್ತಿದ್ದವು. 2012ರ ಸೆಪ್ಟೆಂಬರಿನಲ್ಲಿ ಮೊದಲ ಅಭಿಯಾನ ಮುಗಿದಾಗ ಕೈಗೆ ಬಂದಿದ್ದದ್ದು ಕೆಲವೇ ಕಿಲೋಜೂಲ್. ಗಣಕ ‘ಆಗುತ್ತದೆ’ ಎಂದಿತ್ತು. ನಿಸರ್ಗ ‘ಇಲ್ಲ’ ಎಂದಿತು.

ದೋಷ ಎಲ್ಲಿತ್ತೆಂದು ನಂತರದ ವರ್ಷಗಳಲ್ಲಿ ಒಂದೊಂದಾಗಿ ತಿಳಿದುಬಂತು. ಗೋಲಿಯನ್ನು ಉರುಳೆಯ ನಡುವೆ ನಿಲ್ಲಿಸಲು ಅತಿ ತೆಳುವಾದ ಪೊರೆಯೊಂದನ್ನು ಬಳಸುತ್ತಿದ್ದರು. ಕಣ್ಣಿಗೆ ಕಾಣದಷ್ಟು ತೆಳುವಾದ ಆ ಪೊರೆ ಗೋಲಿಯನ್ನು ಮುಟ್ಟಿಬಿಡುವ ಅಂಚಿನಲ್ಲಿ ಕುಸಿತವೇ ಗಾಯಗೊಳ್ಳುತ್ತಿತ್ತು. ಇಂಧನ ತುಂಬುವ ಕೂದಲಿಗಿಂತ ಸಣ್ಣ ಕೊಳವೆಯೂ, ಕಿರಣಗಳ ಚಿಕ್ಕ ಅಸಮತೋಲವೂ ಹಾಗೆಯೇ ಕಾಡುತ್ತಿದ್ದವು. ಹಗುರವಾದದ್ದು ಭಾರವಾದದ್ದನ್ನು ತಳ್ಳಹೊರಟಾಗ ಅವೆರಡರ ಗಡಿ ಬೆರಳುಬೆರಳಾಗಿ ಒಡೆಯುತ್ತದೆ. ಇದಕ್ಕೆ ರೇಲಿ–ಟೇಲರ್ ಅಸ್ಥಿರತೆ ಎಂದು ಹೆಸರು. ಇಂಥ ಅಸ್ಥಿರತೆ ಸಣ್ಣ ಊನವನ್ನು ದೊಡ್ಡದು ಮಾಡುತ್ತದೆ, ತಣ್ಣನೆಯ ಹೊರಪದರವನ್ನು ಬಿಸಿ ಗರ್ಭದೊಳಕ್ಕೆ ಬೆರೆಸುತ್ತದೆ, ಹೊತ್ತಬೇಕಾದ ಕಿಡಿಯನ್ನು ನಂದಿಸುತ್ತದೆ.

ಇಷ್ಟನ್ನೆಲ್ಲ ಲೆಕ್ಕಕ್ಕೆ ತರಲಾಗದಿದ್ದದ್ದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಗಣಕಶಕ್ತಿಯ ಅಭಾವ. ಸಿಮ್ಯುಲೇಷನ್ ಎಂದರೆ ಗೋಲಿಯನ್ನು ಲಕ್ಷಾಂತರ ಪುಟ್ಟ ಕೋಶಗಳಾಗಿ ಗಣಕದಲ್ಲಿ ವಿಂಗಡಿಸಿ, ಪ್ರತಿ ಕೋಶದ ಉಷ್ಣತೆ, ಒತ್ತಡ, ಸಾಂದ್ರತೆ, ವೇಗಗಳನ್ನು ಕ್ಷಣಕ್ಷಣವೂ ಮುಂದಕ್ಕೆ ಎಣಿಸುತ್ತಾ ಹೋಗುವುದು. ಮೂರು ಆಯಾಮಗಳ ಲೆಕ್ಕ ದುಬಾರಿಯಾದುದರಿಂದ ಬಹುಪಾಲು ಲೆಕ್ಕಗಳು ಎರಡು ಆಯಾಮಗಳಲ್ಲಿ ನಡೆಯುತ್ತಿದ್ದವು. ಎಂದರೆ ಅಕ್ಷದ ಸುತ್ತ ಎಲ್ಲವೂ ಸಮನಾಗಿದೆ ಎಂದು ಭಾವಿಸಿಕೊಂಡು. ಅಂಥ ಲೆಕ್ಕದಲ್ಲಿ ಗೋಲಿಯ ಮೇಲಿನ ಒಂದು ಪುಟ್ಟ ಗುಳ್ಳೆ ಗುಳ್ಳೆಯಾಗಿ ಉಳಿಯುವುದಿಲ್ಲ, ಗೋಲಿಯ ಸುತ್ತ ತೊಡಿಸಿದ ಬಳೆಯಾಗಿಬಿಡುತ್ತದೆ. ಮೂರು ಆಯಾಮಗಳಲ್ಲಿ ಕೋಶದ ಅಂಚನ್ನು ಅರ್ಧಕ್ಕಿಳಿಸಿದರೆ ಕೋಶಗಳ ಸಂಖ್ಯೆ ಎಂಟು ಪಟ್ಟಾಗುತ್ತದೆ. ಕಾಲದ ಹೆಜ್ಜೆಯನ್ನೂ ಅರ್ಧಕ್ಕಿಳಿಸಬೇಕಾಗಿ ಬಂದರೆ ಒಟ್ಟು ಶ್ರಮ ಹದಿನಾರು ಪಟ್ಟು. ಎರಡು ಸಾರಿ ಹೀಗೆ ಮಾಡಿದರೆ 256 ಪಟ್ಟು. ನಿಖರತೆಯ ಬೆಲೆ ಇಷ್ಟು ಕಡಿದಾಗಿ ಏರುತ್ತದೆ. ಪೊರೆ, ಕೊಳವೆ, ಮೈಯ ಒರಟುತನಗಳನ್ನೆಲ್ಲ ಮೂರು ಆಯಾಮಗಳ ಸೂಕ್ಷ್ಮ ಲೆಕ್ಕದೊಳಕ್ಕೆ ತಂದ ಮೇಲೆಯೇ ಗಣಕದ ಮಾತು ಪ್ರಯೋಗದ ಮಾತಿಗೆ ಸಮೀಪವಾಯಿತು.

ಗ್ರಾಫಿಕ್ಸ್ ಪ್ರೊಸೆಸರ್ ಈ ಹಂತದಲ್ಲಿ ಪ್ರವೇಶಿಸುತ್ತದೆ. ಮೂಲದಲ್ಲಿ ಇದು ವಿಡಿಯೋ ಆಟಗಳ ಚಿತ್ರ ಬರೆಯಲೆಂದು ಹುಟ್ಟಿದ ಚಿಪ್ಪು. ಪರದೆಯ ಲಕ್ಷಾಂತರ ಚುಕ್ಕೆಗಳಿಗೆ ಒಂದೇ ಬಗೆಯ ಸಣ್ಣ ಲೆಕ್ಕವನ್ನು ಏಕಕಾಲದಲ್ಲಿ ಮಾಡುವುದು ಅದರ ಸ್ವಭಾವ. 2007ರಲ್ಲಿ ಎನ್ವಿಡಿಯಾ ‘ಕುಡಾ’ ಎಂಬ ಸಾಧನವನ್ನು ಬಿಡುಗಡೆ ಮಾಡಿದ ಮೇಲೆ ವಿಜ್ಞಾನಿಗಳು ಇದನ್ನು ತಮ್ಮ ಲೆಕ್ಕಗಳಿಗೆ ಒಗ್ಗಿಸಿಕೊಳ್ಳುವುದು ಸುಲಭವಾಯಿತು. ಮದುವೆಮನೆಯ ಅಡುಗೆಯನ್ನು ನೆನೆಯೋಣ. ಸಾಮಾನ್ಯ ಪ್ರೊಸೆಸರ್ ಎಂದರೆ ಎಲ್ಲ ಪಾಕ ಬಲ್ಲ ನಾಲ್ಕಾರು ಅಡುಗೆಭಟ್ಟರು. ಗ್ರಾಫಿಕ್ಸ್ ಪ್ರೊಸೆಸರ್ ಎಂದರೆ ಸಾಲಾಗಿ ಕುಳಿತು ತರಕಾರಿ ಹೆಚ್ಚುವ ಸಾವಿರ ಕೈಗಳು. ಸಿಮ್ಯುಲೇಷನ್ನಿನ ಕೋಶಗಳು ಆ ತರಕಾರಿಯಂತೆ; ಒಂದಕ್ಕೆ ಮಾಡಿದ್ದನ್ನೇ ಮತ್ತೊಂದಕ್ಕೂ ಮಾಡಬೇಕು. ಅಲ್ಲಿ ಸಾವಿರ ಕೈಗಳಿಗೆ ಕೆಲಸವಿದೆ.

ಆದರೆ ಒಗ್ಗರಣೆ ಹಾಕಲು ಸಾವಿರ ಕೈ ಬೇಡ, ಹಾಕಲೂ ಬಾರದು. ಜೀನ್ ಆಮ್ಡಾಲ್ 1967ರಲ್ಲಿಯೇ ತೋರಿಸಿಕೊಟ್ಟಂತೆ, ಒಂದು ಲೆಕ್ಕದ ಹತ್ತನೆಯ ಒಂದು ಭಾಗ ಸರದಿಯಲ್ಲಿಯೇ ನಡೆಯಬೇಕಾದುದಾದರೆ, ಎಷ್ಟು ಕೈಗಳನ್ನು ಸೇರಿಸಿದರೂ ವೇಗ ಹತ್ತು ಪಟ್ಟನ್ನು ಮೀರದು. ಲೇಸರ್ ಸಮ್ಮಿಲನದ ಲೆಕ್ಕದಲ್ಲಿ ಇಂಥ ತೊಡಕುಗಳು ಹಲವು. ದ್ರವಗತಿಯ ಭಾಗ ಗ್ರಾಫಿಕ್ಸ್ ಪ್ರೊಸೆಸರಿಗೆ ಚೆನ್ನಾಗಿ ಒಗ್ಗುತ್ತದೆ. ವಿಕಿರಣ ಒಂದು ಕೋಶದಿಂದ ಇನ್ನೊಂದಕ್ಕೆ ಹರಿಯುವ ಭಾಗ ಹಾಗಲ್ಲ; ಅಲ್ಲಿ ದೂರದ ಕೋಶಗಳು ಪರಸ್ಪರ ಮಾತಾಡಬೇಕು, ಅಂಕಿಗಳು ನೆನಪಿನ ಕೋಠಿಯಿಂದ ಬಂದುಹೋಗುತ್ತಲೇ ಇರಬೇಕು. ಎಷ್ಟೋ ವೇಳೆ ಕೈಗಳು ಖಾಲಿ ಕುಳಿತು ತರಕಾರಿ ಬುಟ್ಟಿಗಾಗಿ ಕಾಯುತ್ತವೆ. ಆದುದರಿಂದ ಮೂವತ್ತು ವರ್ಷ ಹಳೆಯ ಫೋರ್ಟ್ರಾನ್ ಪ್ರೋಗ್ರಾಮನ್ನು ಹೊಸ ಯಂತ್ರಕ್ಕೆ ಹಾಕಿದ ಮಾತ್ರಕ್ಕೆ ಅದು ಓಡುವುದಿಲ್ಲ. ಅಂಕಿಗಳನ್ನು ಜೋಡಿಸುವ ಬಗೆಯಿಂದಲೇ ಆರಂಭಿಸಿ ಅದನ್ನು ಹೊಸದಾಗಿ ಬರೆಯಬೇಕಾಗುತ್ತದೆ. ಲಿವರ್‌ಮೋರಿನವರು ತಮ್ಮ ಹಳೆಯ ಪ್ರೋಗ್ರಾಮುಗಳ ಜೊತೆಗೆ ‘ಮಾರ್ಬಲ್’ ಎಂಬ ಹೊಸದೊಂದನ್ನು ಗ್ರಾಫಿಕ್ಸ್ ಪ್ರೊಸೆಸರುಗಳಿಗಾಗಿ ಕಟ್ಟಿದ್ದು ಇದೇ ಕಾರಣಕ್ಕೆ. 2024ರ ನವೆಂಬರಿನಲ್ಲಿ ಜಗತ್ತಿನ ಅತಿ ವೇಗದ ಗಣಕವೆಂದು ಹೆಸರಾದ ಅವರ ‘ಎಲ್ ಕ್ಯಾಪಿಟನ್’ ಸೆಕೆಂಡಿಗೆ 1.7 ಎಕ್ಸಾಫ್ಲಾಪ್ ವೇಗ ತೋರಿದ್ದು ಗ್ರಾಫಿಕ್ಸ್ ಪ್ರೊಸೆಸರನ್ನೂ ಸಾಮಾನ್ಯ ಪ್ರೊಸೆಸರನ್ನೂ ಒಂದೇ ಚಿಪ್ಪಿನಲ್ಲಿ ಬೆಸೆದು.

ಇನ್ನೊಂದು ಪಾಠವನ್ನೂ ಅಲ್ಲಿಂದಲೇ ಕಲಿಯಬೇಕಾಗಿದೆ. 2021ರ ಆಗಸ್ಟಿನಲ್ಲಿ ಅವರಿಗೆ ಸುಮಾರು 1.3 ಮೆಗಾಜೂಲ್ ದೊರೆತಿತ್ತು; ಅದೇ ಪ್ರಯೋಗವನ್ನು ಮತ್ತೆ ಮಾಡಹೊರಟಾಗ ಅಷ್ಟು ಬರಲಿಲ್ಲ. ಗೋಲಿಗಳಲ್ಲಿನ ಸೂಕ್ಷ್ಮ ವ್ಯತ್ಯಾಸಗಳು ಫಲವನ್ನು ಏರುಪೇರು ಮಾಡುತ್ತಿದ್ದವು. ಹೀಗಿರುವಾಗ ಒಂದು ಉತ್ತಮ ಸಿಮ್ಯುಲೇಷನ್ ಸಾಲದು, ಊನಗಳ ಎಲ್ಲ ಬಗೆಯ ಜೋಡಣೆಗಳಿಗೂ ಸಾವಿರಾರು ಸಿಮ್ಯುಲೇಷನ್ನುಗಳು ಬೇಕು. ಅವರು ಲಕ್ಷಕ್ಕೂ ಹೆಚ್ಚು ಲೆಕ್ಕಗಳನ್ನು ನಡೆಸಿ, ಯಂತ್ರಕಲಿಕೆಯ ಮಾದರಿಯೊಂದನ್ನು ಪಳಗಿಸಿ, ಹಿಂದಿನ ಪ್ರಯೋಗಗಳ ಅಳತೆಗಳಿಂದ ಅದನ್ನು ತಿದ್ದಿದರು. 2022ರ ಡಿಸೆಂಬರಿನ ಪ್ರಯೋಗಕ್ಕೆ ಮುನ್ನವೇ ಆ ಮಾದರಿ ಇಂಧನ ಹೊತ್ತಿಕೊಳ್ಳುವ ಸಂಭವ ಶೇಕಡ 70ಕ್ಕಿಂತ ಹೆಚ್ಚು ಎಂದು ಹೇಳಿತ್ತು. ಹತ್ತು ವರ್ಷಗಳ ಹಿಂದೆ ‘ಖಂಡಿತ ಆಗುತ್ತದೆ’ ಎಂದು ಸೋತ ಗಣಕ, ಈಗ ‘ಬಹುಶಃ ಆಗಬಹುದು’ ಎಂದು ಗೆದ್ದಿತು. ನಡುವೆ ಬೆಳೆದದ್ದು ವೇಗ ಮಾತ್ರವಲ್ಲ, ಪ್ರಯೋಗದ ಎದುರು ತಲೆಬಾಗುವ ವಿನಯವೂ ಹೌದು.

ಇನ್ನು ನಮ್ಮ ದೇಶದ ಮಾತು. ಸಮ್ಮಿಲನದ ಕನಸು ಭಾರತಕ್ಕೆ ಹೊಸದಲ್ಲ. 1955ರ ಆಗಸ್ಟಿನಲ್ಲಿ ಜಿನೀವಾದ ಪರಮಾಣು ಸಮ್ಮೇಳನದ ಅಧ್ಯಕ್ಷಪೀಠದಿಂದ ಹೋಮಿ ಭಾಭಾ ಅವರು ಎರಡು ದಶಕಗಳೊಳಗೆ ಸಮ್ಮಿಲನವನ್ನು ಹತೋಟಿಗೆ ತರುವ ಉಪಾಯ ಸಿಕ್ಕೀತೆಂದು ಭವಿಷ್ಯ ನುಡಿದಿದ್ದರು. ಆ ಭವಿಷ್ಯ ನಿಜವಾಗಲಿಲ್ಲ. ಆದರೆ ಕಟ್ಟಿದ ಸಂಸ್ಥೆಗಳು ಉಳಿದವು. ತುಮಕೂರಿನಲ್ಲಿ ಹುಟ್ಟಿ, ಟ್ರಾಂಬೆಯ ಕೇಂದ್ರದ ನಿರ್ದೇಶಕರಾಗಿದ್ದ ರಾಜಾ ರಾಮಣ್ಣ ಅವರ ಹೆಸರನ್ನು 2005ರಿಂದ ಹೊತ್ತಿರುವ ಇಂದೋರಿನ ಸಂಸ್ಥೆ ಪರಮಾಣು ಶಕ್ತಿ ಇಲಾಖೆಯ ಲೇಸರ್ ಸಂಶೋಧನೆಯ ತವರು. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅತಿ ಹ್ರಸ್ವ, ಅತಿ ತೀವ್ರ ಲೇಸರ್ ಸ್ಪಂದನಗಳು ಪದಾರ್ಥವನ್ನು ಪ್ಲಾಸ್ಮಾ ಮಾಡುವ ಬಗೆಯ ಅಧ್ಯಯನ ಬಹುಕಾಲದಿಂದ ನಡೆದಿದೆ. 192 ಕಿರಣಗಳ ಅರಮನೆ ನಮ್ಮಲ್ಲಿಲ್ಲ. ಚೀನಾದ ಮಿಯಾನ್‌ಯಾಂಗಿನ 48 ಕಿರಣಗಳ ‘ಶೆನ್‌ಗ್ವಾಂಗ್-3’ರಂಥದೂ ಇಲ್ಲ. ಆದರೆ ಲೆಕ್ಕವನ್ನು ಒರೆಗೆ ಹಚ್ಚುವ ಚಿಕ್ಕ ಕಲ್ಲುಗಳು ಇವೆ.

ಗಣಕದ ಇತಿಹಾಸದಲ್ಲಂತೂ ಕನ್ನಡನಾಡಿಗೆ ಹೆಮ್ಮೆಯ ಸ್ಥಾನವಿದೆ. ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದ ಕಾಲದಲ್ಲಿ, ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು 1986ರಲ್ಲಿ ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕವನ್ನು ಕಟ್ಟಿದರು. ನಾಲ್ಕು ಸಾಧಾರಣ ಇಂಟೆಲ್ ಚಿಪ್ಪುಗಳನ್ನು ಜೋಡಿಸಿ, ದ್ರವಗತಿಯ ಒಂದೇ ಲೆಕ್ಕವನ್ನು ಅವುಗಳಿಗೆ ಹಂಚುವ ಯತ್ನ ಅದು. ಭಾರತೀಯ ವಿಜ್ಞಾನ ಸಂಸ್ಥೆಗೆ ಬೇಕೆಂದಿದ್ದ ಕ್ರೇ ಸೂಪರ್ ಕಂಪ್ಯೂಟರನ್ನು ಅಮೆರಿಕ ಕೊಡಲೊಪ್ಪದಿದ್ದ ಕಾಲವದು. 1988ರಲ್ಲಿ ಸಿ-ಡ್ಯಾಕ್ ಹುಟ್ಟಿತು, 1991ರಲ್ಲಿ ‘ಪರಂ 8000’ ಬಂತು. ಅದೇ ವರ್ಷ ಟ್ರಾಂಬೆಯಲ್ಲಿ ನಾಲ್ಕು ಪ್ರೊಸೆಸರುಗಳ ಮೊದಲ ‘ಅನುಪಮ್’ ಸಿದ್ಧವಾಯಿತು. ಚಿಪ್ಪುಗಳು ಹೊರಗಿನವು, ಅವನ್ನು ಬೆಸೆಯುವ ಬುದ್ಧಿ ಮತ್ತು ಅವುಗಳ ಮೇಲೆ ಓಡುವ ಪ್ರೋಗ್ರಾಂ ನಮ್ಮವು. ಈ ವಿಂಗಡಣೆ ಇಂದಿಗೂ ಅನ್ವಯಿಸುತ್ತದೆ. ಗ್ರಾಫಿಕ್ಸ್ ಪ್ರೊಸೆಸರನ್ನು ನಾವು ತಯಾರಿಸುತ್ತಿಲ್ಲ. ಆದರೆ ಅದರ ಮೇಲೆ ಓಡುವ ಭೌತವಿಜ್ಞಾನವನ್ನು ಬರೆಯಬಲ್ಲೆವು. ಗಾಂಧಿನಗರದ ಸಂಸ್ಥೆಯವರು ಎನ್ವಿಡಿಯಾದ ಎಂಜಿನಿಯರುಗಳ ಜೊತೆಗೂಡಿ ಪ್ಲಾಸ್ಮಾದ ಮೂರು ಆಯಾಮಗಳ ಪ್ರೋಗ್ರಾಮೊಂದನ್ನು ಗ್ರಾಫಿಕ್ಸ್ ಪ್ರೊಸೆಸರುಗಳಿಗೆ ಅಳವಡಿಸಿ ತೋರಿಸಿದ್ದಾರೆ. ಅದು ಲೇಸರ್ ಸಮ್ಮಿಲನದ ಲೆಕ್ಕವಲ್ಲ. ಆದರೆ ಆ ಕೈಚಳಕ ಇಲ್ಲಿದೆ ಎಂಬುದಕ್ಕೆ ಸಾಕ್ಷಿ.

ಇಷ್ಟಿದ್ದರೂ ಅಳತೆಯ ಅಂತರ ದೊಡ್ಡದು. 2015ರಲ್ಲಿ 4,500 ಕೋಟಿ ರೂಪಾಯಿಗಳ ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಮಿಷನ್ ಆರಂಭವಾಯಿತು. ಅದರಡಿ 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ‘ಪರಂ ಪ್ರವೇಗ’ದ ಸಾಮರ್ಥ್ಯ 3.3 ಪೆಟಾಫ್ಲಾಪ್. ‘ಎಲ್ ಕ್ಯಾಪಿಟನ್’ ಇದರ ಸುಮಾರು 500 ಪಟ್ಟು. ಇದಕ್ಕೆ ಪ್ರತಿಯಾಗಿ 2024ರ ಮಾರ್ಚಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಇಂಡಿಯಾ ಎಐ ಮಿಷನ್ನಿನ ಗಾತ್ರ 10,300 ಕೋಟಿ ರೂಪಾಯಿಗೂ ಹೆಚ್ಚು. 2025ರ ಮೇ ತಿಂಗಳ ಹೊತ್ತಿಗೆ ಅದರ ಮೂಲಕ ಒದಗಿಸಲು ಗೊತ್ತುಮಾಡಿದ ಗ್ರಾಫಿಕ್ಸ್ ಪ್ರೊಸೆಸರುಗಳ ಸಂಖ್ಯೆ 34,000 ದಾಟಿತ್ತು. ಖಾಸಗಿ ಡೇಟಾ ಸೆಂಟರುಗಳಲ್ಲಿರುವ ಈ ಯಂತ್ರಗಳನ್ನು ಸರ್ಕಾರದ ಸಹಾಯಧನದೊಂದಿಗೆ ಕಡಮೆ ಬಾಡಿಗೆಗೆ ಕೊಡುವ ಯೋಜನೆಯಿದು. ಉದ್ದೇಶ ಕೃತಕ ಬುದ್ಧಿಮತ್ತೆ. ಆ ಉದ್ದೇಶವನ್ನು ನಾವು ಹಗುರವಾಗಿ ಕಾಣುವುದಿಲ್ಲ; ಕನ್ನಡದಂಥ ಭಾಷೆಗಳಿಗೂ ಅದರಿಂದ ಪ್ರಯೋಜನವಿದೆ. ಆದರೆ ಇಷ್ಟು ದೊಡ್ಡ ಗಣಕಶಕ್ತಿ ಒಟ್ಟಾಗುತ್ತಿರುವಾಗ, ಅದರ ಇಪ್ಪತ್ತನೆಯ ಒಂದು ಪಾಲಾದರೂ ಭೌತವಿಜ್ಞಾನದ ಗಣನೆಗೆ ಸಲ್ಲಲಿ ಎಂದು ಕೇಳುವುದು ಅತ್ಯಾಶೆಯಲ್ಲ.

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ನಾವು ಬಲ್ಲೆವು. ಮೊದಲನೆಯದು ತಾಂತ್ರಿಕವಾದುದು, ತೂಕವುಳ್ಳದ್ದು. ಕೃತಕ ಬುದ್ಧಿಮತ್ತೆಗೆ ಒರಟು ಅಂಕಿಗಳು ಸಾಕು. ಎಂಟು ಬಿಟ್ಟುಗಳ ಅಂಕಿಯಲ್ಲಿ ಒಂದೆರಡು ಸ್ಥಾನಗಳ ನಿಖರತೆಯೂ ಇರುವುದಿಲ್ಲ. ಸಮ್ಮಿಲನದ ಲೆಕ್ಕಕ್ಕೆ 64 ಬಿಟ್ಟುಗಳ, ಎಂದರೆ ಸುಮಾರು ಹದಿನಾರು ಸ್ಥಾನಗಳ ನಿಖರತೆ ಬೇಕು. ಇಲ್ಲದಿದ್ದರೆ ಸಾವಿರಾರು ಹೆಜ್ಜೆಗಳಲ್ಲಿ ಸಣ್ಣ ತಪ್ಪುಗಳು ಕೂಡಿಕೊಂಡು ಅಸ್ಥಿರತೆಯೇ ಹುಸಿಯಾಗಿ ಹುಟ್ಟಿಬಿಡಬಹುದು. ಎಚ್100 ಚಿಪ್ಪು ಎಂಟು ಬಿಟ್ಟಿನಲ್ಲಿ ಸೆಕೆಂಡಿಗೆ ಸುಮಾರು ಎರಡು ಸಾವಿರ ಲಕ್ಷ ಕೋಟಿ ಲೆಕ್ಕ ಮಾಡಿದರೆ, 64 ಬಿಟ್ಟಿನ ಸಾಮಾನ್ಯ ಲೆಕ್ಕದಲ್ಲಿ ಮಾಡುವುದು ಸುಮಾರು 34 ಲಕ್ಷ ಕೋಟಿ. ಮಾರುಕಟ್ಟೆಯ ಒಲವು ಒರಟು ಅಂಕಿಗಳ ಕಡೆಗಿರುವುದರಿಂದ ಹೊಸ ಚಿಪ್ಪುಗಳಲ್ಲಿ ನಿಖರ ಲೆಕ್ಕದ ಪಾಲು ಇನ್ನೂ ಕುಗ್ಗುತ್ತಿದೆ. ಆದುದರಿಂದಲೇ ಈಗ ಮಾತಾಡಬೇಕಾಗಿದೆ. ಸರ್ಕಾರವು ಮುಂದಿನ ಟೆಂಡರುಗಳಲ್ಲಿ 64 ಬಿಟ್ಟಿನ ಸಾಮರ್ಥ್ಯವನ್ನೂ ಒಂದು ಅರ್ಹತೆಯಾಗಿ ಕೇಳಿದರೆ ದೇಶಕ್ಕೆ ಎರಡೂ ಬಗೆಯ ಯಂತ್ರಗಳು ಬರುತ್ತವೆ. ಕೇಳದಿದ್ದರೆ ವಿಜ್ಞಾನಕ್ಕೆ ಒಗ್ಗದ ಯಂತ್ರಗಳೇ ತುಂಬಿಕೊಳ್ಳುತ್ತವೆ.

ಎರಡನೆಯ ಆಕ್ಷೇಪ ನೈತಿಕವಾದುದು. ಲೇಸರ್ ಸಮ್ಮಿಲನದ ಲೆಕ್ಕ ಮತ್ತು ಜಲಜನಕ ಬಾಂಬಿನ ಲೆಕ್ಕ ಹತ್ತಿರದ ನೆಂಟರು. ಲಿವರ್‌ಮೋರಿನ ಲೇಸರನ್ನು ಕಟ್ಟಿದ್ದೇ ಮುಖ್ಯವಾಗಿ 1992ರಲ್ಲಿ ಪರಮಾಣು ಸ್ಫೋಟ ಪರೀಕ್ಷೆಗಳು ನಿಂತ ಮೇಲೆ ಅಸ್ತ್ರಗಳ ಸ್ಥಿತಿಯನ್ನು ಸ್ಫೋಟಿಸದೆಯೇ ಅರಿಯಲು. ಅವರ ಮುಖ್ಯ ಪ್ರೋಗ್ರಾಮುಗಳು ಹೊರಗಿನವರಿಗೆ ಸಿಗದಿರುವುದೂ ಇದಕ್ಕಾಗಿಯೇ. ಈ ನೆರಳನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕೆ ಪರಿಹಾರ ಕತ್ತಲೆಯಲ್ಲ. ಬರ್ಕ್ಲಿಯ ‘ವಾರ್ಪ್‌ಎಕ್ಸ್’ ಎಂಬ ಮುಕ್ತ ಪ್ರೋಗ್ರಾಂ ಲೇಸರ್ ಮತ್ತು ಪ್ಲಾಸ್ಮಾಗಳ ಲೆಕ್ಕವನ್ನು ಗ್ರಾಫಿಕ್ಸ್ ಪ್ರೊಸೆಸರುಗಳ ಮೇಲೆ ಓಡಿಸಿ 2022ರಲ್ಲಿ ಗಾರ್ಡನ್ ಬೆಲ್ ಬಹುಮಾನ ಪಡೆಯಿತು. ಯಾರು ಬೇಕಾದರೂ ಅದನ್ನು ಓದಬಹುದು, ತಿದ್ದಬಹುದು. ಸಾರ್ವಜನಿಕ ಗಣಕಕಾಲವನ್ನು ಪಡೆದು ಬರೆದ ಪ್ರೋಗ್ರಾಂ ಹೀಗೆಯೇ ಮುಕ್ತವಾಗಿರಬೇಕು, ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ತೆರೆದಿರಬೇಕು ಎಂಬ ಷರತ್ತನ್ನು ವಿಧಿಸಬೇಕು. ಬೇಲಿಯೊಳಗೆ ನಡೆಯಬೇಕಾದದ್ದು ಬೇಲಿಯೊಳಗೆ ಬೇರೆ ಹಣದಲ್ಲಿ ನಡೆಯಲಿ; ಬಾಡಿಗೆ ಯಂತ್ರದಲ್ಲಿ ನಡೆಯುವುದು ಬಯಲಿನಲ್ಲಿರಲಿ.

ಮೂರನೆಯದು ನಮ್ಮ ನೆರೆಹೊರೆಯ ಆಕ್ಷೇಪ. ಈ ಕಟ್ಟಡಗಳು ಹಗಲಿರುಳೂ ವಿದ್ಯುತ್ತನ್ನು ನುಂಗುತ್ತವೆ; ‘ಎಲ್ ಕ್ಯಾಪಿಟನ್’ ಒಂದಕ್ಕೇ ಸುಮಾರು 30 ಮೆಗಾವಾಟ್ ಬೇಕು. ಮುಂದೆಂದೋ ಬರುವ ಶಕ್ತಿಗಾಗಿ ಇಂದಿನ ಶಕ್ತಿಯನ್ನು ಸುಡುವುದು ನ್ಯಾಯವೇ? ಪ್ರಶ್ನೆ ಸರಿಯಾದದ್ದೇ. ಆದರೆ ಕಟ್ಟಡಗಳು ಎದ್ದಾಗಿವೆ, ವಿದ್ಯುತ್ತು ಹರಿಯುತ್ತಿದೆ. ಅದು ಜಾಹೀರಾತಿಗೂ ಹರಟೆಗೂ ಮಾತ್ರ ಸಲ್ಲಬೇಕೋ, ಅದರಲ್ಲೊಂದು ಪಾಲು ಮುಂದಿನ ತಲೆಮಾರಿನ ಬೆಳಕಿನ ಚಿಂತನೆಗೂ ಸಲ್ಲಬೇಕೋ ಎಂಬುದಷ್ಟೇ ಈಗ ನಮ್ಮ ಮುಂದಿರುವ ಆಯ್ಕೆ. ‘ಸಮ್ಮಿಲನ ಯಾವಾಗಲೂ ಮೂವತ್ತು ವರ್ಷ ದೂರ’ ಎಂಬ ಲೇವಡಿಯೂ ಇದೆ. 2022ರಲ್ಲಿ 3.15 ಇದ್ದದ್ದು 2025ರಲ್ಲಿ 8.6 ಮೆಗಾಜೂಲ್ ಆಗಿದೆ. ವಿದ್ಯುತ್ ಕೇಂದ್ರಕ್ಕೆ ಇದು ಏನೇನೂ ಸಾಲದು. ಆದರೂ ದೂರ ಕಡಮೆಯಾಗುತ್ತಿಲ್ಲ ಎನ್ನಲಾಗದು.

ಕೊನೆಯದಾಗಿ, ಸರ್ಕಾರಿ ಕಡತಗಳ ನಡುವೆ ಬದುಕು ಸವೆಸುತ್ತಿರುವ ನಮ್ಮಂಥವರಿಗೆ ಚೆನ್ನಾಗಿ ಗೊತ್ತಿರುವ ಒಂದು ಮಾತು. ನಮ್ಮ ವ್ಯವಸ್ಥೆಯಲ್ಲಿ ಯಂತ್ರ ಕೊಳ್ಳುವುದು ಸುಲಭ. ಅದಕ್ಕೆ ಬಂಡವಾಳ ವೆಚ್ಚದ ಶೀರ್ಷಿಕೆಯಿದೆ, ಟೆಂಡರಿದೆ, ಉದ್ಘಾಟನೆಯ ದೀಪವಿದೆ, ಮಾರ್ಚ್ 31ರೊಳಗೆ ಕೊಡಬೇಕಾದ ಬಳಕೆ ಪ್ರಮಾಣಪತ್ರವಿದೆ. ಆ ಯಂತ್ರಕ್ಕಾಗಿ ಐದು ವರ್ಷ ಕುಳಿತು ಪ್ರೋಗ್ರಾಂ ಬರೆಯುವ ತರುಣ ತರುಣಿಯರಿಗೆ ಮಾತ್ರ ಯಾವ ಶೀರ್ಷಿಕೆಯೂ ಹೊಂದುವುದಿಲ್ಲ. ಅವರು ವಿಜ್ಞಾನಿಗಳ ಪಟ್ಟಿಗೆ ಸೇರರು, ತಾಂತ್ರಿಕ ಸಿಬ್ಬಂದಿಯ ಪಟ್ಟಿಗೂ ಸೇರರು. ಒಪ್ಪಂದದ ಮೇಲೆ ಬಂದು, ಒಪ್ಪಂದ ಮುಗಿದೊಡನೆ ಬೆಂಗಳೂರಿನದೋ ಹೊರದೇಶದ್ದೋ ಕಂಪನಿಗೆ ಹೊರಟುಹೋಗುತ್ತಾರೆ. ಅವರನ್ನು ದೂರುವುದು ಸಲ್ಲದು. ಹೋಗುವಾಗ ಅವರೊಡನೆ ಹೋಗುವುದು ಪ್ರೋಗ್ರಾಮಲ್ಲ, ಆ ಪ್ರೋಗ್ರಾಂ ಏಕೆ ಹಾಗಿದೆ ಎಂಬ ತಿಳಿವು. ಯಂತ್ರ ಐದು ವರ್ಷಕ್ಕೆ ಹಳತಾಗುತ್ತದೆ. ಒಳ್ಳೆಯ ಪ್ರೋಗ್ರಾಂ ಮೂವತ್ತು ವರ್ಷ ಬಾಳುತ್ತದೆ. ನಾವು ಹಣ ಹೂಡುತ್ತಿರುವುದು ಐದು ವರ್ಷದ್ದರಲ್ಲಿ.

ಆದುದರಿಂದ ನಮ್ಮ ಬೇಡಿಕೆ ಮೂರೇ. ಸಾರ್ವಜನಿಕ ಗ್ರಾಫಿಕ್ಸ್ ಪ್ರೊಸೆಸರುಗಳ ಕಾಲದಲ್ಲಿ ಕನಿಷ್ಠ ಶೇಕಡ 5 ಭೌತವಿಜ್ಞಾನದ ಗಣನೆಗೆ ಮೀಸಲಾಗಲಿ, ಅದಕ್ಕೆ ತಕ್ಕ ನಿಖರತೆಯ ಯಂತ್ರಗಳನ್ನೇ ಟೆಂಡರಿನಲ್ಲಿ ಕೇಳಲಿ. ಯಂತ್ರಕ್ಕೆ ಖರ್ಚಾಗುವ ಪ್ರತಿ ನಾಲ್ಕು ರೂಪಾಯಿಗೆ ಒಂದು ರೂಪಾಯಿಯಾದರೂ ವೈಜ್ಞಾನಿಕ ಪ್ರೋಗ್ರಾಂ ಬರೆಯುವವರ ಖಾಯಂ ಹುದ್ದೆಗಳಿಗೆ ಹೋಗಲಿ. ಈ ಕಾಲವನ್ನು ಪಡೆದ ಪ್ರತಿಯೊಂದು ಯೋಜನೆಯೂ ಇಂದೋರಿನದೋ ಕೊಲಾಬಾದದ್ದೋ ಗಾಂಧಿನಗರದ್ದೋ ಪ್ರಯೋಗವೊಂದರ ಅಳತೆಯ ಎದುರು ತನ್ನ ಲೆಕ್ಕವನ್ನು ಇಟ್ಟು, ಹೊಂದಿದ್ದನ್ನೂ ಹೊಂದದ್ದನ್ನೂ ಒಟ್ಟಿಗೆ ಪ್ರಕಟಿಸಲಿ. ಲಿವರ್‌ಮೋರಿನವರು 2012ರ ಸೋಲನ್ನು ಮುಚ್ಚಿಟ್ಟಿದ್ದರೆ 2022ರ ಗೆಲುವು ಬರುತ್ತಿರಲಿಲ್ಲ.

ಮುಂದಿನ ಬಜೆಟ್ಟಿನ ಹೊತ್ತಿಗೆ ಇಂಥ ಯಂತ್ರಗಳ ಸಂಖ್ಯೆ ಇನ್ನಷ್ಟು ಏರಿದೆ ಎಂಬ ಘೋಷಣೆ ಬರುವುದು ಖಚಿತ. ಆ ಸಂಖ್ಯೆಯನ್ನು ಕೇಳಿದಾಗ ನಾವು ಓದುಗರೆಲ್ಲ ಕೇಳಬೇಕಾದ ಮರುಪ್ರಶ್ನೆ ಒಂದೇ: ಅವುಗಳ ಮೇಲೆ ಓಡುವುದನ್ನು ಬರೆಯಲು ಎಷ್ಟು ಜನರನ್ನು ನೇಮಿಸಿದಿರಿ?